ತಂಪಿನ ಲೆಕ್ಕ ಮೊದಲು

ಮೋಟಾರು ಎಂಜಿನ್ನಿನ ವಿಚಾರ ಬರೆಯಲು ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡಗಳನ್ನು ಓದುವ ಬಿ.ಎ. ತರಗತಿಯ ವಿದ್ಯಾರ್ಥಿಗೆ ಅಧಿಕಾರವೇನು ಎಂದು ಕೇಳುವವರುಂಟು. ಈ ಸಂಚಿಕೆಯ ಸಂಪಾದಕ ಮಿತ್ರರೂ ನಗುತ್ತಲೇ ಈ ಪ್ರಶ್ನೆಯನ್ನು ಕೇಳಿದರು. ನನ್ನ ಉತ್ತರವಿಷ್ಟೆ. ನಮ್ಮ ತಂದೆಯವರು ಇಪ್ಪತ್ತೆರಡು ವರ್ಷಗಳಿಂದ ಲಾರಿ ಚಾಲಕರು. ನಮ್ಮ ಮನೆಗೆ ಪುಸ್ತಕ ಬರುವುದಕ್ಕೆ ಬಹಳ ಮೊದಲೇ ಸ್ಪ್ಯಾನರು ಬಂದಿತ್ತು. ಮೇಲಾಗಿ, ನಾನು ಇಲ್ಲಿ ಎತ್ತಿಕೊಂಡಿರುವ ಪ್ರಶ್ನೆ ನೋಟಕ್ಕೆ ಯಂತ್ರಶಾಸ್ತ್ರದ್ದಾದರೂ ಮೂಲದಲ್ಲಿ ಅರ್ಥಶಾಸ್ತ್ರದ್ದು. ಕೈಯಲ್ಲಿರುವ ಹಣ ಮಿತವಾಗಿರುವಾಗ ಮೊದಲ ರೂಪಾಯಿಯನ್ನು ಯಾವುದಕ್ಕೆ ವೆಚ್ಚ ಮಾಡಬೇಕು? ಬಲಕ್ಕೋ, ಆ ಬಲವನ್ನು ತಾಳಿಕೊಳ್ಳುವ ವ್ಯವಸ್ಥೆಗೋ?

ಪ್ರಶ್ನೆಯನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. ಕಾರ್ಖಾನೆಯಿಂದ ಬಂದ ಪಿಸ್ಟನ್, ಕನೆಕ್ಟಿಂಗ್ ರಾಡ್, ಕ್ರ್ಯಾಂಕುಗಳನ್ನು ಮುಟ್ಟದೆ, ಅದೇ ಎಂಜಿನ್ನಿಗೆ ಹೊರಗಿನಿಂದ ಒಂದು ಸೂಪರ್‌ಚಾರ್ಜರನ್ನು ಜೋಡಿಸಿದರೆ ಆ ಎಂಜಿನ್ ಬಾಳುತ್ತದೆಯೇ? ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಗಳಲ್ಲಿ ಇದು ಸಾವಿರಾರು ಜನರ ಹವ್ಯಾಸ. ಅವರಲ್ಲಿ ಎರಡು ಪಂಗಡಗಳು. ಒಳಗಿನದನ್ನೆಲ್ಲ ಬಿಚ್ಚಿ ಬಡಿಗೆಲಸದ ಉಕ್ಕಿನ ರಾಡು, ಬಡಿದು ಮಾಡಿದ ಪಿಸ್ಟನ್ ಹಾಕದೆ ಈ ಕೆಲಸಕ್ಕೆ ಕೈಹಾಕಲೇಬಾರದೆಂಬುದು ಒಂದು ಪಂಗಡದ ಮತ. ನಾಲ್ಕು ಬೋಲ್ಟು ಬಿಗಿದು ಬೆಲ್ಟು ಏರಿಸಿದರೆ ಮುಗಿಯಿತೆಂಬುದು, ವಿಶೇಷವಾಗಿ ಮಾರುವವರ ಬಾಯಲ್ಲಿ ಕೇಳಿಬರುವುದು, ಇನ್ನೊಂದು ಮತ. ನನಗೆ ಎರಡೂ ಸರಿಯೆಂದು ತೋರುವುದಿಲ್ಲ. ಮಿತವಾದ ಒತ್ತಡದಲ್ಲಿ ಕಾರ್ಖಾನೆಯ ಒಳಭಾಗಗಳು ಬಾಳುತ್ತವೆ; ಆದರೆ ಸೂಪರ್‌ಚಾರ್ಜರ್ ಕೊಳ್ಳುವ ಮೊದಲೇ ಉಷ್ಣದ ಲೆಕ್ಕವನ್ನು ಚುಕ್ತಾ ಮಾಡಿದವನ ಎಂಜಿನ್ನಿನಲ್ಲಿ ಮಾತ್ರ. ಈ ಅಭಿಪ್ರಾಯಕ್ಕೆ ನನಗಿರುವ ಆಧಾರಗಳನ್ನು ವಾಚಕರ ಮುಂದಿಡುತ್ತೇನೆ.

ಸೂಪರ್‌ಚಾರ್ಜರ್ ಎಂದರೇನೆಂದು ತಿಳಿಯದವರಿಗಾಗಿ ಎರಡು ಮಾತು. ಎಂಜಿನ್ ಬದುಕುವುದು ಉಸಿರಿನಿಂದ. ಒಂದು ತೂಕ ಪೆಟ್ರೋಲು ಪೂರ್ತಿಯಾಗಿ ಉರಿಯಬೇಕಾದರೆ ಸುಮಾರು 14.7 ತೂಕ ಗಾಳಿ ಬೇಕು. ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು ಸುಲಭ, ಗಾಳಿಯನ್ನು ಹೆಚ್ಚಾಗಿ ತುಂಬುವುದು ಕಷ್ಟ. ಸಾಮಾನ್ಯ ಎಂಜಿನ್ ವಾಯುಮಂಡಲದ ಒತ್ತಡ ಕೊಟ್ಟಷ್ಟನ್ನು ಮಾತ್ರ ಸೆಳೆದುಕೊಳ್ಳುತ್ತದೆ. ಕ್ರ್ಯಾಂಕಿನಿಂದ ಬೆಲ್ಟಿನ ಮೂಲಕ ತಿರುಗುವ ಒಂದು ಯಂತ್ರವನ್ನಿಟ್ಟು ಗಾಳಿಯನ್ನು ಒತ್ತಿ ತುಂಬಿದರೆ, ಅದೇ ಸಿಲಿಂಡರಿನಲ್ಲಿ ಹೆಚ್ಚು ಗಾಳಿ, ಹೆಚ್ಚು ಪೆಟ್ರೋಲು, ಹೆಚ್ಚು ಬಲ. ಕಮ್ಮಾರನ ತಿದಿಗೂ ಇದಕ್ಕೂ ಹತ್ತಿರದ ನಂಟು. ಅಮೆರಿಕದ ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್ ಎಂಬ ಊರಿನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರ ಮೊದಲು ಕುಲುಮೆಗಳಿಗೆ, ಗಣಿಗಳಿಗೆ ಗಾಳಿ ಊದಿತು. ಕಾರಿಗೆ ಬಂದದ್ದು ಆಮೇಲೆ. ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಯೋಚನೆಗೆ ಗಾಟ್ಲೀಬ್ ಡೈಮ್ಲರ್ 1885ರಲ್ಲೇ ಪೇಟೆಂಟ್ ಪಡೆದಿದ್ದ. 1921ರಲ್ಲಿ ಬರ್ಲಿನ್ನಿನ ಪ್ರದರ್ಶನದಲ್ಲಿ ಮರ್ಸಿಡಿಸ್ ಕಂಪೆನಿ ಸೂಪರ್‌ಚಾರ್ಜರ್ ಇರುವ ಕಾರುಗಳನ್ನು ಮಾರಾಟಕ್ಕೆ ಮುಂದಿಟ್ಟಿತು. ಆ ಕಾಲದ ಮರ್ಸಿಡಿಸ್ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ತುಳಿದಾಗ ಮಾತ್ರ ಈ ಯಂತ್ರ ಕೂಡಿಕೊಳ್ಳುತ್ತಿತ್ತು. ಅದನ್ನೂ ಅಲ್ಪ ಕಾಲ ಮಾತ್ರ ಬಳಸಬೇಕಾಗಿತ್ತು. ಕಟ್ಟಿದವರಿಗೇ ಅದರ ಭಯವಿತ್ತು ಎಂಬುದನ್ನು ಗಮನಿಸಬೇಕು.

ಭಯವೇಕೆಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಸೈಕಲ್ ಪಂಪಿನ ತಳವನ್ನು ಮುಟ್ಟಿ ನೋಡಿದವರಿಗೆಲ್ಲ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದೆಂದು ಗೊತ್ತು. ಹೊರಗಿನ ಗಾಳಿ 35 ಡಿಗ್ರಿ ಸೆಂಟಿಗ್ರೇಡ್ ಇರುವ ದಿನ, ಚದರ ಅಂಗುಲಕ್ಕೆ 6 ಪೌಂಡು ಹೆಚ್ಚಿನ ಒತ್ತಡ ಕೊಟ್ಟೆವೆನ್ನೋಣ. ಯಂತ್ರ ದೋಷರಹಿತವಾಗಿದ್ದರೂ ಗಾಳಿ ಸುಮಾರು 67 ಡಿಗ್ರಿಗೆ ಏರುತ್ತದೆ. ಆದರೆ ರೂಟ್ಸ್ ಮಾದರಿಯ ಯಂತ್ರ ಗಾಳಿಯನ್ನು ಒತ್ತುವುದಕ್ಕಿಂತ ಕಡೆಯುವುದೇ ಹೆಚ್ಚು. ಅದರ ದಕ್ಷತೆಯನ್ನು ನೂರಕ್ಕೆ 55 ಎಂದು ಹಿಡಿದರೆ ಎಂಜಿನ್ನಿಗೆ ಹೋಗುವ ಗಾಳಿ 93 ಡಿಗ್ರಿ. ಒತ್ತಡವನ್ನು 10 ಪೌಂಡಿಗೆ ಏರಿಸಿದರೆ 124 ಡಿಗ್ರಿ! ನೀರು ಕುದಿಯುವ ಬಿಸಿಗಿಂತ ಹೆಚ್ಚಿನ ಬಿಸಿಯ ಗಾಳಿಯನ್ನು ನಾವು ಎಂಜಿನ್ನಿಗೆ ಉಸಿರೆಂದು ಕೊಡುತ್ತಿದ್ದೇವೆ. ಇದು ಬೆಂಕಿ ಹೊತ್ತುವುದಕ್ಕೆ ಮೊದಲಿನ ಮಾತು. ಹೊತ್ತಿದ ಮೇಲೆ ಪೆಟ್ರೋಲಿನ ಶಾಖದಲ್ಲಿ ಸ್ಥೂಲವಾಗಿ ಮೂರನೆಯ ಒಂದು ಪಾಲು ಮಾತ್ರ ಚಕ್ರಕ್ಕೆ ಉಪಯೋಗವಾಗಿ, ಇನ್ನೊಂದು ಪಾಲು ಹೊಗೆಕೊಳವೆಯಲ್ಲಿ, ಮತ್ತೊಂದು ಪಾಲು ರೇಡಿಯೇಟರಿನ ನೀರಿನಲ್ಲಿ ಹೋಗುತ್ತದೆ. ಪೂರ್ಣ ಬಲದಲ್ಲಿ ಮೂವತ್ತು ನಲವತ್ತು ಪಾಲು ಹೆಚ್ಚು ಇಂಧನ ಸುಟ್ಟರೆ ರೇಡಿಯೇಟರಿನ ಪಾಲಿಗೂ ಅಷ್ಟೇ ಹೆಚ್ಚು ಹೊರೆ ಬೀಳುತ್ತದೆ. ಹಳೆಯ ರೇಡಿಯೇಟರಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಇಷ್ಟು ಬಿಸಿಯಲ್ಲಿ ಸಾಯುವುದು ಯಾವುದು? ಅಲ್ಯುಮಿನಿಯಂ ಲೋಹ ಕರಗುವುದು 660 ಡಿಗ್ರಿಯಲ್ಲಿ. ಪಿಸ್ಟನ್ನಿನ ಮಿಶ್ರಲೋಹ ಅದಕ್ಕಿಂತಲೂ ಮೊದಲೇ ಮೆತ್ತಗಾಗುತ್ತದೆ. ಅದರ ನೆತ್ತಿಯ ಮೇಲೆ ಉರಿಯುವ ಜ್ವಾಲೆಯೋ 2000 ಡಿಗ್ರಿಗೂ ಮೇಲೆ. ಹಾಗಿದ್ದೂ ಪಿಸ್ಟನ್ ಉಳಿಯುವುದಕ್ಕೆ ಎರಡು ಕಾರಣ. ಒಂದು, ಲೋಹಕ್ಕೆ ಅಂಟಿಕೊಂಡಂತೆ ನಿಂತಿರುವ ತೆಳುವಾದ ಅನಿಲದ ಪದರ ಅದಕ್ಕೆ ಕಂಬಳಿಯಂತಿರುವುದು. ಎರಡು, ಒಳಗೆ ಬಂದ ಬಿಸಿಯನ್ನು ರಿಂಗುಗಳು ಸಿಲಿಂಡರಿನ ಗೋಡೆಗೂ, ಕೆಳಗಿನಿಂದ ಸಿಡಿಯುವ ಎಣ್ಣೆ ತನ್ನೊಳಗೂ ಸಾಗಿಸುವುದು. ಈ ಕಂಬಳಿಯನ್ನು ಹರಿಯುವ ಶತ್ರುವೇ ನಾಕಿಂಗ್. ಕಿಡಿ ಹಚ್ಚಿದ ಜ್ವಾಲೆ ಬಂದು ಮುಟ್ಟುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ತಾನಾಗಿ ಹೊತ್ತಿ ಸಿಡಿಯುವುದಕ್ಕೆ ಆ ಹೆಸರು. ಇದರ ಸ್ವರೂಪವನ್ನು ಇಂಗ್ಲೆಂಡಿನ ಹ್ಯಾರಿ ರಿಕಾರ್ಡೊ ಮೊದಲನೆಯ ಮಹಾಯುದ್ಧದ ಆಸುಪಾಸಿನ ವರ್ಷಗಳಲ್ಲೇ ಪ್ರಯೋಗಗಳಿಂದ ತೋರಿಸಿಕೊಟ್ಟ. ಆ ಸಿಡಿತದ ಅಲೆ ಅನಿಲದ ಪದರವನ್ನು ಕಿತ್ತುಹಾಕುತ್ತದೆ. ಬಿಸಿ ನೇರವಾಗಿ ಲೋಹಕ್ಕೆ ಇಳಿಯುತ್ತದೆ. ಒಳಬರುವ ಗಾಳಿ ಬಿಸಿಯಾದಷ್ಟೂ ನಾಕಿಂಗ್ ಸಮೀಪ. ನಾಕಿಂಗ್ ಬಂದಷ್ಟೂ ಲೋಹ ಬಿಸಿ, ಲೋಹ ಬಿಸಿಯಾದಷ್ಟೂ ಮತ್ತೆ ನಾಕಿಂಗ್. ಸಾಲದ ಬಡ್ಡಿ ಬೆಳೆಯುವ ಕ್ರಮವೇ ಇದು.

ಎರಕ ಹೊಯ್ದ ಕಾರ್ಖಾನೆಯ ಪಿಸ್ಟನ್ ನಾಕಿಂಗನ್ನು ಹೆಚ್ಚು ಕಾಲ ಸಹಿಸದು. ರಿಂಗುಗಳ ನಡುವಣ ಅಂಚು ಒಡೆಯುತ್ತದೆ. ರಿಂಗಿನ ಎರಡು ತುದಿಗಳ ನಡುವೆ ಕಾರ್ಖಾನೆಯವರು ಬಿಟ್ಟಿರುವ ಕೂದಲೆಳೆಯಷ್ಟು ಸಂದು ಅವರು ಎಣಿಸಿದ್ದ ಬಿಸಿಗೆ ತಕ್ಕದ್ದು. ಅದಕ್ಕಿಂತ ಹೆಚ್ಚು ಕಾದರೆ ತುದಿಗಳು ಒಂದಕ್ಕೊಂದು ಒತ್ತಿ, ರಿಂಗು ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಈ ಎರಡು ಅನಾಹುತಗಳಿಗೂ ಮೂಲ ಬಿಸಿ, ಬಲವೊಂದೇ ಅಲ್ಲ. ರಾಡಿನ ವಿಚಾರ ಬೇರೆ. ರಾಡನ್ನು ಎಳೆದು ಹರಿಯುವ ಶಕ್ತಿ ಎಂಜಿನ್ನಿನ ವೇಗದ ವರ್ಗದಂತೆ ಬೆಳೆಯುತ್ತದೆ. ನಿಮಿಷಕ್ಕೆ 7000 ಸುತ್ತು ತಿರುಗುವ ಎಂಜಿನ್ನನ್ನು 8000ಕ್ಕೆ ಏರಿಸಿದರೆ ಈ ಎಳೆತ ನೂರಕ್ಕೆ 31ರಷ್ಟು ಹೆಚ್ಚುತ್ತದೆ. ಸೂಪರ್‌ಚಾರ್ಜರಿನ ಗುಣವೆಂದರೆ ಅದು ಸುತ್ತನ್ನು ಏರಿಸದೆಯೇ, ಕೆಳಗಿನ ವೇಗದಲ್ಲೇ ಬಲ ಕೊಡುವುದು. ಆದುದರಿಂದ ಕಾರ್ಖಾನೆ ಹಾಕಿದ ಸುತ್ತಿನ ಮಿತಿಯನ್ನು ದಾಟದೆ, ಒತ್ತಡವನ್ನು ಅಲ್ಪದಲ್ಲಿರಿಸಿದವನ ರಾಡಿಗೆ ಭಯ ಕಡಮೆ. ರಾಡಿನ ಚಿಂತೆಯಲ್ಲಿ ನಿದ್ದೆಗೆಡುವವರು ರೇಡಿಯೇಟರಿನ ಮುಂದೆ ಆರಾಮವಾಗಿ ನಿದ್ದೆ ಮಾಡುವುದು ವಿಚಿತ್ರವೇ ಸರಿ.

ನನ್ನ ಮತಕ್ಕೆ ದೊಡ್ಡದೊಂದು ಎದುರು ಸಾಕ್ಷಿಯಿದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಬ್ರಿಟನ್ನಿನ ಪ್ರಖ್ಯಾತ ಕಾರುಗಳ ನಿರ್ಮಾಪಕ ಡಬ್ಲ್ಯು. ಓ. ಬೆಂಟ್ಲಿಗೆ ಸೂಪರ್‌ಚಾರ್ಜರ್ ಎಂದರೆ ಆಗುತ್ತಿರಲಿಲ್ಲ. ತನ್ನ ಎಂಜಿನ್ನಿಗೆ ಅದನ್ನು ತಗುಲಿಸುವುದು ಅದರ ಸ್ವಭಾವವನ್ನೇ ಕೆಡಿಸಿದಂತೆ ಎಂದು ಆತ ಭಾವಿಸಿದ್ದ. ಬಲ ಬೇಕಾದರೆ ಎಂಜಿನ್ನನ್ನೇ ದೊಡ್ಡದಾಗಿ ಕಟ್ಟು ಎಂಬುದು ಆತನ ಧರ್ಮ. ಆದರೆ ಓಟದ ಸಾಹಸಿ ಸರ್ ಹೆನ್ರಿ ಬರ್ಕಿನ್ ಈ ಮಾತನ್ನು ಒಪ್ಪದೆ, ಡೊರೊತಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆಯ ಧನಸಹಾಯದಿಂದ, ಆಮ್ಹರ್ಸ್ಟ್ ವಿಲಿಯರ್ಸ್ ರಚಿಸಿದ ಸೂಪರ್‌ಚಾರ್ಜರನ್ನು ನಾಲ್ಕೂವರೆ ಲೀಟರಿನ ಬೆಂಟ್ಲಿಗೆ ಜೋಡಿಸಿದ. ರೇಡಿಯೇಟರಿನ ಮುಂದೆ ನೇರವಾಗಿ ಕ್ರ್ಯಾಂಕಿನ ತುದಿಗೆ ಕೂಡಿಸಿದ ಆ ಯಂತ್ರದ ಚಿತ್ರವನ್ನು ಒಮ್ಮೆ ನೋಡಿದವರು ಮರೆಯಲಾರರು. ಸುಮಾರು 110 ಅಶ್ವಶಕ್ತಿಯ ಎಂಜಿನ್ ರಸ್ತೆಯ ಕಾರಿನಲ್ಲಿ 175ಕ್ಕೆ, ಓಟದ ಕಾರಿನಲ್ಲಿ 240ರ ಹತ್ತಿರಕ್ಕೆ ಏರಿತು. 1930ರ ಲ ಮಾನ್ ಓಟದಲ್ಲಿ ಬರ್ಕಿನ್ ಕೆಲ ಸುತ್ತುಗಳ ಕಾಲ ಎಲ್ಲರನ್ನೂ ಬೆರಗುಗೊಳಿಸಿದ. ಕೊನೆಗೆ ಏನಾಯಿತು? ಪ್ಯಾಜೆಟ್ ತಂಡದ ಸೂಪರ್‌ಚಾರ್ಜರ್ ಕಾರುಗಳು ಓಟವನ್ನು ಮುಗಿಸಲಿಲ್ಲ. ಗೆದ್ದದ್ದು ಸೂಪರ್‌ಚಾರ್ಜರ್ ಇಲ್ಲದ, ಆರೂವರೆ ಲೀಟರಿನ ದೊಡ್ಡ ಬೆಂಟ್ಲಿ. ಎರಡನೆಯ ಸ್ಥಾನವೂ ಅದರದೇ ಜೋಡಿಗೆ.

ಹಾಗಾದರೆ ಬೆಂಟ್ಲಿಯೇ ಸರಿಯೆ? ಆ ದಿನದ ಮಟ್ಟಿಗೆ ಸರಿ ಎನ್ನುತ್ತೇನೆ. ಬರ್ಕಿನ್ನನ ಕಾರಿನಲ್ಲಿ ಕ್ರ್ಯಾಂಕನ್ನು ಬಲಪಡಿಸಿದ್ದರು ಎಂಬುದನ್ನು ಒಳಭಾಗ ಬದಲಾಯಿಸಿದರೆ ಎಲ್ಲ ಸರಿಹೋಗುತ್ತದೆನ್ನುವ ಪಂಗಡದವರು ನೆನಪಿಡಬೇಕು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಆ ಕಾರಿನಲ್ಲಿರಲಿಲ್ಲ. ರೇಡಿಯೇಟರಿಗೆ ಬೀಸಬೇಕಾದ ಗಾಳಿಯ ದಾರಿಯಲ್ಲೇ ಸೂಪರ್‌ಚಾರ್ಜರ್ ಕುಳಿತಿತ್ತು. ಆದರೂ 1930ರ ಫ್ರೆಂಚ್ ಗ್ರ್ಯಾಂಡ್ ಪ್ರಿಯಲ್ಲಿ, ಹಗುರವಾದ ಬುಗಾಟಿಗಳ ನಡುವೆ, ಅದೇ ಭಾರಿ ಕಾರು ಎರಡನೆಯದಾಗಿ ಬಂತು. ಯಂತ್ರದ ತತ್ತ್ವ ಕೆಟ್ಟದ್ದಲ್ಲ. ಅದರ ಜತೆಗೆ ಬರಬೇಕಾದ ಪರಿವಾರ ಬಂದಿರಲಿಲ್ಲ ಎಂದು ನಾನು ತಿಳಿಯುತ್ತೇನೆ.

ಇನ್ನು ನನ್ನ ಪಕ್ಷದ ಸಾಕ್ಷಿ. 1989ರಲ್ಲಿ ಜಪಾನಿನ ಮಾಜ್ದಾ ಕಂಪೆನಿ ಎಂಎಕ್ಸ್-5 ಎಂಬ ಎರಡು ಆಸನದ ಪುಟ್ಟ ಕಾರನ್ನು ಹೊರತಂದಿತು. ಅಮೆರಿಕದಲ್ಲಿ ಅದನ್ನು ಮಿಯಾಟ ಎನ್ನುತ್ತಾರೆ. ನಮ್ಮ ದೇಶದಲ್ಲಿ ಅದು ಮಾರಾಟಕ್ಕೆ ಬರಲಿಲ್ಲ; ನಾನು ಅದನ್ನು ಚಿತ್ರದಲ್ಲಿ ಮಾತ್ರ ಕಂಡವನು. ಮೊದಲ ಎಂಜಿನ್ 1.6 ಲೀಟರಿನದು, ಬಲ ಸುಮಾರು 115 ಅಶ್ವಶಕ್ತಿ, ಸಂಪೀಡನ ಪ್ರಮಾಣ 9.4ಕ್ಕೆ 1. ಕಾರು ಸೊಗಸು, ಬಲ ಕಡಮೆ. ಆದುದರಿಂದ ಜಾಕ್ಸನ್ ರೇಸಿಂಗ್ ಎಂಬ ಅಮೆರಿಕದ ಸಂಸ್ಥೆ ಈಟನ್ ಕಂಪೆನಿಯ ಚಿಕ್ಕ ರೂಟ್ಸ್ ಯಂತ್ರವನ್ನು ಬಳಸಿ, ಸುಮಾರು 6 ಪೌಂಡಿನ ಒತ್ತಡ ಕೊಡುವ ಜೋಡಣೆಯನ್ನು ಮಾರತೊಡಗಿತು. ಎಂಜಿನ್ನನ್ನು ಬಿಚ್ಚುವಂತಿಲ್ಲ, ಇಂಟರ್‌ಕೂಲರ್ ಇಲ್ಲ. ಅಂತಹ ಕಾರುಗಳು ಎಷ್ಟೋ ವರ್ಷ ಓಡಿವೆ. ಅದೇ ಜೋಡಣೆಯಲ್ಲಿ ಪುಲ್ಲಿಯನ್ನು ಚಿಕ್ಕದು ಮಾಡಿ, ಒತ್ತಡವನ್ನು ಏರಿಸಿ, ಬಿಸಿಯ ಗೊಡವೆಗೆ ಹೋಗದವರ ಪಿಸ್ಟನ್‌ಗಳು ಒಡೆದುದೂ ಉಂಟು. ಒಳಭಾಗ ಒಂದೇ, ಫಲ ಬೇರೆ.

ಈ ಎಂಜಿನ್ನಿನಲ್ಲಿ ಒಂದು ಗುಟ್ಟಿದೆ; ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದೇ ಅದರಿಂದ. ಇದು ಮೂಲತಃ ಮಾಜ್ದಾ 323 ಎಂಬ ಸಾಮಾನ್ಯ ಕಾರಿನ ಎಂಜಿನ್ನಿನ ಕುಲದ್ದು. ಆ ಕಾರಿನಲ್ಲಿ ಎಂಜಿನ್ ಅಡ್ಡಲಾಗಿ ಕೂತಿರುತ್ತಿತ್ತು. ಪಂಪಿನಿಂದ ಹೊರಟ ತಣ್ಣೀರು ಒಂದು ತುದಿಯಲ್ಲಿ ಒಳಹೊಕ್ಕು, ನಾಲ್ಕು ಸಿಲಿಂಡರುಗಳನ್ನೂ ಮುಟ್ಟಿ, ಇನ್ನೊಂದು ತುದಿಯಲ್ಲಿ ಹೊರಬೀಳುತ್ತಿತ್ತು. ಎಂಎಕ್ಸ್-5ರಲ್ಲಿ ಎಂಜಿನ್ನನ್ನು ಉದ್ದಕ್ಕೆ ತಿರುಗಿಸಿ ಇಟ್ಟಾಗ ಆ ಹಿಂದಿನ ತುದಿ ಚಾಲಕನ ಮುಂದಿನ ತಗಡಿನ ಗೋಡೆಗೆ ಸಮೀಪವಾಯಿತು. ಅಲ್ಲಿ ಕೊಳವೆಗೆ ಜಾಗವಿಲ್ಲವೆಂದು ಥರ್ಮೋಸ್ಟಾಟನ್ನೂ ಹೊರದಾರಿಯನ್ನೂ ಮುಂದಕ್ಕೆ ತಂದರು. ಪರಿಣಾಮವಾಗಿ ನೀರು ಮುಂದಿನಿಂದಲೇ ಹೊಕ್ಕು ಬಹುಪಾಲು ಮುಂದಿನಿಂದಲೇ ಹೊರಟುಹೋಗುತ್ತದೆ. ಕಾಲುವೆಯ ತೂಬಿನ ಬಳಿಯ ಗದ್ದೆಗೆ ಯಥೇಚ್ಛ ನೀರು, ಕೊನೆಯ ಗದ್ದೆಗೆ ಬರ! ನಾಲ್ಕನೆಯ ಸಿಲಿಂಡರೇ ಆ ಕೊನೆಯ ಗದ್ದೆ. ಕಾರ್ಖಾನೆಯ ಬಲದಲ್ಲಿ ಇದರಿಂದ ತೊಂದರೆಯೇನೂ ಇರಲಿಲ್ಲ. ಸೂಪರ್‌ಚಾರ್ಜರ್ ಬಂದ ಮೇಲೆ ಈ ದೌರ್ಬಲ್ಯ ಬಯಲಿಗೆ ಬಂತು.

ಅನುಭವಸ್ಥರು ಕಂಡುಕೊಂಡ ಪರಿಹಾರವೆಂದರೆ ಥರ್ಮೋಸ್ಟಾಟನ್ನು ಮತ್ತೆ ಹಿಂದಕ್ಕೆ ಒಯ್ದು, ಅಲ್ಲಿಂದ ಒಂದು ಕೊಳವೆಯನ್ನು ರೇಡಿಯೇಟರಿಗೆ ತರುವುದು. ಹೊಸ ಲೋಹವಿಲ್ಲ, ಹೊಸ ಪಿಸ್ಟನ್ ಇಲ್ಲ. ನೀರಿನ ದಾರಿಯನ್ನು ಮೂಲದಲ್ಲಿದ್ದಂತೆ ಮಾಡಿದುದಷ್ಟೆ. ಬಡಿಗೆಲಸದ ಪಿಸ್ಟನ್ ಹಾಕಿಸುವ ವೆಚ್ಚದ ಒಂದು ಸಣ್ಣ ಅಂಶದಲ್ಲಿ ಈ ಕೆಲಸ ಮುಗಿಯುತ್ತದೆ. ಅದಿಲ್ಲದೆ ಬಲವಾದ ಪಿಸ್ಟನ್ ಹಾಕಿದರೆ ನಾಲ್ಕನೆಯ ಸಿಲಿಂಡರಿನ ಬರ ನೀಗುವುದಿಲ್ಲ. ಬರವನ್ನು ತಡೆದುಕೊಳ್ಳುವ ಗಟ್ಟಿ ದನವನ್ನು ಕಟ್ಟಿದಂತಾಗುತ್ತದೆ.

ಉಳಿದ ಉಪಾಯಗಳೂ ಇದೇ ಜಾತಿಯವು. ರೇಡಿಯೇಟರನ್ನು ದಪ್ಪದ್ದಾಗಿ ಹಾಕಿಸುವುದಕ್ಕಿಂತ ಮೊದಲು, ಮುಂದಿನಿಂದ ನುಗ್ಗಿದ ಗಾಳಿ ಪಕ್ಕದ ಸಂದುಗಳಲ್ಲಿ ತಪ್ಪಿಸಿಕೊಳ್ಳದೆ ಅದರ ಮೂಲಕವೇ ಹಾಯುವಂತೆ ತಗಡಿನಿಂದಲೋ ಫೋಮಿನಿಂದಲೋ ಮುಚ್ಚಬೇಕು. ಗಾಳಿಯೂ ನೀರಿನಂತೆ ಸುಲಭದ ದಾರಿ ಹಿಡಿಯುವ ಸೋಮಾರಿ. ಫ್ಯಾನು ಊರೊಳಗೆ ನಿಂತು ನಿಂತು ಹೋಗುವಾಗ ಬೇಕು. ಹೆದ್ದಾರಿಯ ವೇಗದಲ್ಲಿ ಅದರ ಉಪಕಾರ ಅಲ್ಪ. ಅನೇಕರು ಕಡಮೆ ಡಿಗ್ರಿಯಲ್ಲಿ ತೆರೆಯುವ ಥರ್ಮೋಸ್ಟಾಟ್ ಹಾಕಿ ನಿಶ್ಚಿಂತರಾಗುತ್ತಾರೆ. ಅದು ಬಾಗಿಲನ್ನು ಬೇಗ ತೆರೆಯುತ್ತದೆಯೇ ಹೊರತು ರೇಡಿಯೇಟರಿನ ಸಾಮರ್ಥ್ಯವನ್ನು ಎಳ್ಳಷ್ಟೂ ಹೆಚ್ಚಿಸುವುದಿಲ್ಲ. ರೇಡಿಯೇಟರಿನ ಮುಚ್ಚಳವನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ. ಆದರೆ ಒಳಗಿನ ಒತ್ತಡ ಉಳಿದರೆ ನೀರು 100 ಡಿಗ್ರಿ ದಾಟಿದರೂ ಕುದಿಯದು, ಮುಚ್ಚಳದ ರಬ್ಬರು ಸವೆದರೆ ಆ ರಕ್ಷಣೆಯೇ ಹೋಯಿತು. ಕೂಲಂಟ್ ಎಂಬ ಗ್ಲೈಕಾಲ್ ದ್ರಾವಣ ತುಕ್ಕನ್ನೂ ಹೆಪ್ಪನ್ನೂ ತಡೆಯುತ್ತದೆ ನಿಜ. ಆದರೆ ಬಿಸಿಯನ್ನು ಹೊರುವುದರಲ್ಲಿ ಬರಿಯ ನೀರೇ ಅದಕ್ಕಿಂತ ಮೇಲು. ಆದಕಾರಣ ಗಟ್ಟಿಯಾಗಿ ಬೆರೆಸಿದಷ್ಟೂ ಒಳ್ಳೆಯದೆಂಬ ನಂಬಿಕೆ ತಪ್ಪು.

ಒಳಗೆ ಬರುವ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ತಣಿಸಿದರೆ ಎರಡು ಲಾಭ. 93 ಡಿಗ್ರಿಯ ಗಾಳಿಯನ್ನು ಅದೇ ಒತ್ತಡದಲ್ಲಿ 50ಕ್ಕೆ ಇಳಿಸಿದರೆ ಅದರ ಸಾಂದ್ರತೆ ನೂರಕ್ಕೆ 13ರಷ್ಟು ಹೆಚ್ಚುತ್ತದೆ. ನಾಕಿಂಗೂ ದೂರ ಸರಿಯುತ್ತದೆ. ಆದರೆ ಅದನ್ನು ರೇಡಿಯೇಟರಿನ ಮುಂದಿಟ್ಟರೆ ಅದರ ಬಿಸಿ ಉಸಿರು ರೇಡಿಯೇಟರಿಗೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡಂತೆ. ಕಿಡಿಯ ವೇಳೆಯನ್ನು ಸ್ವಲ್ಪ ಹಿಂದಕ್ಕೆ ಸರಿಸಿದರೆ ನಾಕಿಂಗ್ ನಿಲ್ಲುತ್ತದೆ. ಮಿತಿಮೀರಿ ಸರಿಸಿದರೆ ಉರಿ ತಡವಾಗಿ ಮುಗಿದು ಹೊಗೆಕೊಳವೆ ಕೆಂಪಗೆ ಕಾಯುತ್ತದೆ. ಪೆಟ್ರೋಲನ್ನು ತುಸು ಹೆಚ್ಚಾಗಿ ಕೊಟ್ಟರೆ ಅದು ಆವಿಯಾಗುವಾಗ ಬಿಸಿಯನ್ನು ಹೀರಿ ತಂಪು ಮಾಡುತ್ತದೆ. ಎರಡನೆಯ ಮಹಾಯುದ್ಧದ ವಿಮಾನಗಳ ಸೂಪರ್‌ಚಾರ್ಜರ್ ಎಂಜಿನ್ನುಗಳಿಗೆ ನೀರು ಮತ್ತು ಮೆಥನಾಲಿನ ತುಂತುರನ್ನೇ ಊದಿದ್ದರು. ನೀರು ಆವಿಯಾಗಲು ಬೇಕಾದ ಶಾಖ ಪೆಟ್ರೋಲಿನದಕ್ಕಿಂತ ಐದಾರು ಪಟ್ಟು ಹೆಚ್ಚು ಎಂಬುದನ್ನು ನೋಡಿದರೆ ಇದರ ಅರ್ಥ ತಿಳಿಯುತ್ತದೆ.

ಕಾರು ಕಟ್ಟುವ ಕಂಪೆನಿಗಳೇ ಸೂಪರ್‌ಚಾರ್ಜರ್ ಇಟ್ಟಾಗ ಏನು ಮಾಡುತ್ತವೆ? 2000ದ ದಶಕದ ಆರಂಭದ ಮಿನಿ ಕೂಪರ್ ಕಾರಿನ 1.6 ಲೀಟರ್ ಎಂಜಿನ್ನಿನ ಸಂಪೀಡನ ಪ್ರಮಾಣ 10.6. ಅದೇ ಎಂಜಿನ್ನಿಗೆ ಸೂಪರ್‌ಚಾರ್ಜರ್ ಇಟ್ಟು ಕೂಪರ್ ಎಸ್ ಮಾಡಿದಾಗ ಅದನ್ನು 8.3ಕ್ಕೆ ಇಳಿಸಿ, ಮೇಲೊಂದು ಇಂಟರ್‌ಕೂಲರನ್ನಿಟ್ಟು, ಅದಕ್ಕೆ ಗಾಳಿ ಹೋಗಲು ಬಾನೆಟ್ಟಿನಲ್ಲೇ ಬಾಯಿ ಕೊರೆದರು. ಹವ್ಯಾಸಿಗೆ ಪಿಸ್ಟನ್ ಬದಲಾಯಿಸದೆ ಸಂಪೀಡನವನ್ನು ಇಳಿಸುವ ದಾರಿ ಸುಲಭವಲ್ಲ. ಆ ಅನುಕೂಲವಿಲ್ಲದವನು ಉಳಿದುದರಲ್ಲಿ ಕಂಪೆನಿಗಿಂತ ಹೆಚ್ಚು ಜಾಗರೂಕನಾಗಿರಬೇಕಲ್ಲವೆ? ನಡೆಯುವುದು ಇದಕ್ಕೆ ವಿರುದ್ಧ.

ಇದೆಲ್ಲ ಪರದೇಶದ ಶೋಕಿ, ನಮಗೇಕೆ ಎಂದು ಗೆಳೆಯರು ಅನ್ನಬಹುದು. ಶೋಕಿಯಲ್ಲದ ಒಂದು ಉದಾಹರಣೆ ನಮ್ಮ ಮನೆಯ ಹತ್ತಿರವೇ ಉಂಟು. ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುವವನು, ಸಾಲ ಮಾಡಿ ಒಂದು ಹಳೆಯ ಡೀಸೆಲ್ ಕಾರು ಕೊಂಡು ಬಾಡಿಗೆಗೆ ಓಡಿಸುತ್ತಿದ್ದಾನೆ. ಈಗಿನ ಡೀಸೆಲ್ ಕಾರುಗಳಲ್ಲಿ ಟರ್ಬೊ ಇರುವುದು ಎಲ್ಲರಿಗೂ ಗೊತ್ತು. ಬೆಲ್ಟಿನ ಬದಲು ಹೊಗೆಯ ರಭಸದಿಂದ ತಿರುಗುವುದೊಂದೇ ಸೂಪರ್‌ಚಾರ್ಜರಿಗೂ ಅದಕ್ಕೂ ಮುಖ್ಯ ಭೇದ. ಒಂದು ಗ್ಯಾರೇಜಿನವರು ಲ್ಯಾಪ್‌ಟಾಪ್ ಚುಚ್ಚಿ ಒಂದು ಗಂಟೆಯಲ್ಲಿ ಕಾಲು ಪಾಲು ಬಲ ಹೆಚ್ಚಿಸಿಕೊಡುತ್ತೇವೆ, ಘಾಟಿ ರಸ್ತೆಯಲ್ಲಿ ಗೇರು ಇಳಿಸುವುದೇ ಬೇಡ ಎಂದರು. ಮಾಡಿದರು. ರೇಡಿಯೇಟರ್ ಧೂಳಿನಿಂದ ಅರ್ಧ ಕಟ್ಟಿತ್ತು. ಅದನ್ನು ಯಾರೂ ಬಗ್ಗಿ ನೋಡಲಿಲ್ಲ. ಪೆಟ್ರೋಲಿನಲ್ಲಿ ಇಂಧನ ಹೆಚ್ಚಾದರೆ ತಂಪು, ಡೀಸೆಲ್ಲಿನಲ್ಲಿ ಇಂಧನ ಹೆಚ್ಚಾದರೆ ಬಿಸಿ ಎಂಬ ಭೇದವನ್ನು ಹೇಳುವ ತಾಳ್ಮೆಯೂ ಅವರಿಗಿರಲಿಲ್ಲ. ನಾಲ್ಕನೆಯ ತಿಂಗಳು, ಏಪ್ರಿಲ್ ಬಿಸಿಲಿನಲ್ಲಿ, ಆರು ಜನರನ್ನು ಕೂರಿಸಿಕೊಂಡು ಘಾಟಿ ಹತ್ತುವಾಗ ಮೂರನೆಯ ಪಿಸ್ಟನ್ ಕರಗಿತು. ಎರಡು ತಿಂಗಳು ಕಾರು ನಿಂತಿತು. ಬ್ಯಾಂಕಿನ ಕಂತು ನಿಲ್ಲಲಿಲ್ಲ. ಅತ್ತಿಗೆಯ ಬಳೆ ಅಡವಿಗೆ ಹೋಯಿತು. ಗ್ಯಾರೇಜಿನವರು ಕೊಟ್ಟ ಉತ್ತರ: ಎಂಜಿನ್ ಹಳೆಯದು, ನಾವೇನು ಮಾಡೋಣ?

ಈ ಉತ್ತರವೇ ನನ್ನನ್ನು ಈ ಲೇಖನ ಬರೆಯಲು ಹಚ್ಚಿದ್ದು. ಎಂಜಿನ್ ಹಳೆಯದೆಂದು ಬಲ ಮಾರುವ ಮೊದಲೂ ಗೊತ್ತಿತ್ತಲ್ಲ! ಅಶ್ವಶಕ್ತಿ ಎಂಬುದು ಒಂದು ಸಂಖ್ಯೆ. ಅದನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಕೊಡಬಹುದು. ತಂಪಿಗೆ ಅಂತಹ ಸಂಖ್ಯೆಯಿಲ್ಲ, ಅದನ್ನು ಯಾರೂ ಕೊಂಡಾಡುವುದಿಲ್ಲ, ಆದುದರಿಂದ ಮಾರುವವನಿಗೆ ಅದರಲ್ಲಿ ಲಾಭವಿಲ್ಲ. ಮೇಲಾಗಿ ಈಗಿನ ಅನೇಕ ಕಾರುಗಳಲ್ಲಿ ಬಿಸಿಯ ಮುಳ್ಳು ಚಾಲಕನ ಸಮಾಧಾನಕ್ಕಾಗಿ ಮಧ್ಯದಲ್ಲೇ ನಿಲ್ಲುವಂತೆ ಮಾಡಿರುತ್ತಾರೆ. ಹತ್ತಾರು ಡಿಗ್ರಿ ಏರಿದರೂ ಅದು ಅಲುಗದು, ಅಲುಗಿದಾಗ ಕಾಲ ಮಿಂಚಿರುತ್ತದೆ. ಬಲ ಹೆಚ್ಚಿಸಿಕೊಂಡವನು ನಿಜವಾದ ಡಿಗ್ರಿ ತೋರಿಸುವ ಒಂದು ಮಾಪಕವನ್ನು ಮೊದಲು ಹಾಕಿಸಿಕೊಳ್ಳಬೇಕೆಂಬುದು ನನ್ನ ಹಟ. ನಮ್ಮ ತಂದೆಯವರು ಘಾಟಿ ಹತ್ತಿ ಲಾರಿ ನಿಲ್ಲಿಸಿದರೆ ಒಡನೆ ಎಂಜಿನ್ ಆರಿಸುವುದಿಲ್ಲ. ಎರಡು ಮೂರು ನಿಮಿಷ ಸುಮ್ಮನೆ ತಿರುಗಲು ಬಿಟ್ಟು, ಟರ್ಬೊ ತಣಿದ ಮೇಲೆ ಕೀಲಿ ತಿರುಗಿಸುತ್ತಾರೆ. ಅವರಿಗೆ ಸಂಪೀಡನ ಪ್ರಮಾಣ ಗೊತ್ತಿಲ್ಲ. ಬಿಸಿಯನ್ನು ಗೌರವಿಸುವುದು ಗೊತ್ತು.

ಕೊನೆಯದಾಗಿ ಕಾನೂನಿನ ಮಾತು. ನಮ್ಮ ದೇಶದ 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಸಾರ್ವಜನಿಕ ರಸ್ತೆಯ ಕಾರಿಗೆ ಸೂಪರ್‌ಚಾರ್ಜರ್ ಹಾಕಿಸುವ ಕನಸು ಕಾಣುವ ಮಿತ್ರರು ಇದನ್ನು ಓದಿಕೊಳ್ಳುವುದು ಒಳ್ಳೆಯದು. ಈ ಕಾನೂನು ಹವ್ಯಾಸಿಯ ಕೈ ಕಟ್ಟುತ್ತದೆಂಬ ಅಸಮಾಧಾನ ನನಗೂ ಸ್ವಲ್ಪ ಉಂಟು. ಓಟದ ಮೈದಾನಗಳಲ್ಲಾದರೂ ನಮ್ಮವರು ಇಂತಹ ಪ್ರಯೋಗ ಮಾಡಿ ಕಲಿಯಲಿ ಎನ್ನಿಸುತ್ತದೆ. ಆದರೆ ರೇಡಿಯೇಟರನ್ನು ಬಿಚ್ಚಿ ತೊಳೆಸಲು, ಸವೆದ ಮುಚ್ಚಳ ಬದಲಾಯಿಸಲು, ಮೆತ್ತಗಾದ ರಬ್ಬರು ಕೊಳವೆಯನ್ನು ಕಿತ್ತು ಹೊಸದು ಹಾಕಿಸಲು ಯಾವ ಕಾನೂನೂ ಅಡ್ಡಿಯಿಲ್ಲ. ಬೇಸಿಗೆಗೆ ಇನ್ನೂ ಆರು ವಾರಗಳಿವೆ.